ನೇರಳೆ ಸೀರೆಯೂ ಭಾನುವಾರದ ಕ್ಲಾಸೂ

ಫೋಟೋ ತೆಗೆಯುವುದನ್ನು ದುಡ್ಡು ಕೊಟ್ಟು ಕಲಿಯಬೇಕೇ ಎನ್ನುವ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಒಂದು ನೇರಳೆ ಸೀರೆಯಿಂದ. ಗ್ರಾಹಕಿಯೊಬ್ಬರು ಅದನ್ನು ವಾಪಸ್ ಕಳಿಸಿದ್ದರು. ಸಾಲದ್ದಕ್ಕೆ ಒಂದು ವಾಯ್ಸ್ ಮೆಸೇಜು ಬೇರೆ. "ನೀವು ತೋರಿಸಿದ್ದು ನೇರಳೆಹಣ್ಣು, ಕಳಿಸಿದ್ದು ಬದನೆಕಾಯಿ. ನಮಗೇನು ಕಣ್ಣಿಲ್ವಾ?" ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಸೀರೆಯನ್ನೂ ನಾನೇ ಹಾಕಿದ್ದ ಫೋಟೋವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆಕೆ ಹೇಳಿದ್ದು ನಿಜವಾಗಿತ್ತು. ಅದು ಮೊದಲನೆಯ ದೂರೂ ಆಗಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಮುಂದಿನ ಕೋಣೆಗಳಲ್ಲಿ ನಾವು, ಹಿಂದಿನ ಉದ್ದ ಕೋಣೆಯಲ್ಲಿ ಪವರ್‌ಲೂಮ್‌ಗಳು. ಕರೆಂಟು ಇರುವಷ್ಟು ಹೊತ್ತೂ ಅವು ಓಡುತ್ತಲೇ ಇರಬೇಕು ಎನ್ನುವುದು ನಮ್ಮ ಯಜಮಾನರ ನಿಯಮ. ನೆಂಟರು ಬಂದರೂ ನಿಲ್ಲಿಸುವವರಲ್ಲ. ನನಗೆ ಜ್ವರ ಬಂದು ಮಲಗಿದಾಗಲೂ ಮಾತ್ರೆ ತಂದುಕೊಟ್ಟು, ಹಣೆ ಮುಟ್ಟಿ ನೋಡಿ, ಮತ್ತೆ ಹೋಗಿ ಮಗ್ಗದ ಮುಂದೆ ನಿಂತರು. ಆ ಸದ್ದಿನಲ್ಲಿ ಬದುಕಿ ಬದುಕಿ ನಮ್ಮ ಮನೆಯವರ ಗಂಟಲೆಲ್ಲ ದೊಡ್ಡದಾಗಿದೆ. ನಾವು ಸಾರಿಗೆ ಉಪ್ಪು ಹಾಕಿದ್ದೀರಾ ಎಂದು ಕೇಳಿದರೂ ಬೀದಿಯವರು ಜಗಳ ಎಂದುಕೊಳ್ಳುತ್ತಾರೆ.

ಮೊದಲೆಲ್ಲ ನೇಯ್ದ ಸೀರೆಗಳು ಸಗಟು ವ್ಯಾಪಾರಿಗೇ ಹೋಗುತ್ತಿದ್ದವು. ಫೋನಿನಲ್ಲಿ ಫೋಟೋ ಹಾಕಿ ನೇರವಾಗಿ ಮಾರೋಣ ಎಂದು ಹಟ ಹಿಡಿದವಳು ನಾನು. ಬಾಗಿಲ ಪಕ್ಕದ ಗೋಡೆಗೆ ಸೀರೆ ಇಳಿಬಿಟ್ಟು ಕ್ಲಿಕ್ಕಿಸುತ್ತಿದ್ದವಳೂ ನಾನೇ. ಆದರೆ ಯಾವ ಫೋಟೋವೂ ಅತ್ತೆಯ ಒಪ್ಪಿಗೆಯಿಲ್ಲದೆ ಮನೆಯಿಂದಾಚೆ ಹೋಗುತ್ತಿರಲಿಲ್ಲ. ಬಣ್ಣ ಅವರ ಇಲಾಖೆ. ಉದ್ದಕ್ಕೆ ಹಾಸಿದ ಎಳೆ ಯಾವ ಬಣ್ಣದ್ದಾದರೆ ಅಡ್ಡಕ್ಕೆ ತೂರಿಸುವ ಎಳೆ ಯಾವ ಬಣ್ಣದ್ದಿರಬೇಕು, ಸೆರಗಿಗೆ ಅರಗಿನ ಬಣ್ಣವೋ ಈರುಳ್ಳಿ ಸಿಪ್ಪೆಯದೋ, ಎಲ್ಲ ತೀರ್ಮಾನವೂ ಅವರದೇ. ನೂಲಿನ ಲಡಿಗಳಿಗೆ ಬೀರುವಿನಲ್ಲಿ ಅವರು ಗೊತ್ತು ಮಾಡಿದ ಜಾಗಗಳಿದ್ದವು. ಒಂದನ್ನು ಸರಿಸಿಟ್ಟರೂ ದಿನವಿಡೀ ಮುನಿಸು. ಹಾಗಾಗಿ ಫೋಟೋ ತೆಗೆದಮೇಲೆ ಅವರ ಪಕ್ಕ ಕೂತು ಫೋನು ಹಿಡಿಯುತ್ತಿದ್ದೆ. "ಇನ್ನೊಂಚೂರು ನೀಲಿ ಬರ್ಲಿ" ಎನ್ನುತ್ತಿದ್ದರು. ನಾನು ಫೋನಿನಲ್ಲಿ ಬಣ್ಣ ತಿದ್ದುತ್ತಿದ್ದೆ. "ಇನ್ನೂ ಸ್ವಲ್ಪ. ಹೂಂ, ಈಗ ಸರಿಹೋಯ್ತು." ಆ ಹೂಂ ಬಿದ್ದಮೇಲೆ ಮುಗಿಯಿತು, ಫೋಟೋ ಗ್ರಾಹಕರ ಗ್ರೂಪಿಗೆ.

ನೇರಳೆ ಸೀರೆ ವಾಪಸ್ ಬಂದ ದಿನ ನಾನು ತೀರ್ಮಾನಕ್ಕೆ ಬಂದೆ. ತಪ್ಪು ನನ್ನ ಫೋಟೋದ್ದು, ನನಗೆ ಕಲಿತು ಗೊತ್ತಿಲ್ಲ, ಕಲಿಯಬೇಕು. ಬೆಂಗಳೂರಿನಲ್ಲಿ ಭಾನುವಾರಗಳಂದು ನಡೆಯುವ ಒಂದು ಕೋರ್ಸ್ ಪತ್ತೆಯಾಯಿತು. ಫೀಸು ಕೇಳಿ ಎದೆ ಧಸಕ್ಕೆಂದಿತು. ನಾನು ಎತ್ತಿದ ಚೀಟಿಯ ದುಡ್ಡು ಹೆಚ್ಚುಕಡಿಮೆ ಪೂರ್ತಿ ಅಲ್ಲಿಗೇ ಸರಿಹೋಗುತ್ತಿತ್ತು. ಆ ದುಡ್ಡಿನ ಮೇಲೆ ಯಜಮಾನರ ಕಣ್ಣೂ ಇತ್ತು. ಅಂಚಿನಲ್ಲಿ ಹೊಸ ವಿನ್ಯಾಸ ಬರಬೇಕೆಂದರೆ ಮಗ್ಗದ ತಲೆಯ ಮೇಲೆ ಕೂರಿಸುವ ಜಕಾರ್ಡ್ ಪೆಟ್ಟಿಗೆ ಹೊಸದು ಬೇಕಿತ್ತು. ಕೋರ್ಸಿನ ಸುದ್ದಿ ಎತ್ತಿದಾಗ ಅವರು ಮಗ್ಗದಿಂದ ತಲೆ ಎತ್ತದೆ, "ಫೋನಲ್ಲಿ ಒತ್ತಿದ್ರೆ ಫೋಟೋ ಬರುತ್ತೆ. ಅದಕ್ಕೂ ಸ್ಕೂಲಾ?" ಎಂದು ಕೂಗಿದರು. ಕೋಪವೇನಿರಲಿಲ್ಲ, ನಿಜವಾಗಿಯೂ ಅನುಮಾನ.

ಅನುಮಾನ ನನಗೂ ಇತ್ತು. ನನಗೆ ಒಂದು ಸಂಶಯ ಹತ್ತಿತೆಂದರೆ ಸಿಕ್ಕಸಿಕ್ಕವರನ್ನೆಲ್ಲ ಕೇಳದಿದ್ದರೆ ಊಟ ಇಳಿಯುವುದಿಲ್ಲ. ಪೇಟೆಯಲ್ಲಿ ನಮ್ಮ ಮದುವೆಯ ಫೋಟೋ ತೆಗೆದ ಸ್ಟುಡಿಯೋದವರನ್ನು ಮೊದಲು ವಿಚಾರಿಸಿದೆ. "ಕೋರ್ಸೆಲ್ಲ ದಂಡ ಕಣಕ್ಕ. ನಾನ್ಯಾವ ಕೋರ್ಸ್ ಮಾಡಿದ್ದೆ?" ಎಂದರು. ಗೋಡೆಯ ಮೇಲಿದ್ದ ಅವರ ಫೋಟೋಗಳನ್ನು ನೋಡಿದೆ. ಎಲ್ಲ ವಧುಗಳ ಮುಖವೂ ಒಂದೇ ಸಮನೆ ಬಿಳಿ, ಹಿಂದೆ ಒಂದೇ ಜಲಪಾತ. ಅವರ ಮಾತು ಅವರದೇ ಗೋಡೆಯ ಮುಂದೆ ಸ್ವಲ್ಪ ತೂಕ ಕಳೆದುಕೊಂಡಿತು.

ಆಮೇಲೆ ಹೊಸಕೋಟೆಯಲ್ಲಿರುವ ನನ್ನ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ. ಅವನು ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ಹಿಂದೆ ಇಂಥದ್ದೇ ಕೋರ್ಸ್ ಮಾಡಿದ್ದ.

"ಹಾಕಿದ ದುಡ್ಡು ಬಂತೇನೋ?" ಎಂದು ನೇರವಾಗಿ ಕೇಳಿದೆ.

"ಎಲ್ಲಿ ಬರುತ್ತಕ್ಕ? ರಜಾ ದಿನ ಒಂದೊಂದು ನಾಮಕರಣ ಸಿಕ್ಕಿದ್ರೆ ಹೆಚ್ಚು."

"ಮತ್ತೆ ನಷ್ಟ ಅನ್ನು."

"ಹಂಗೂ ಹೇಳಕ್ಕಾಗಲ್ಲ. ಮುಂಚೆ ಕಂಪನಿ ಬಸ್ಸಿಗೆ ಕಾಯೋವಾಗ ಬೋರಾಗ್ತಿತ್ತು. ಈಗ ಎದುರುಗಡೆ ಕಾಂಪೌಂಡ್ ಮೇಲೆ ಬಿಸಿಲು ಹೆಂಗೆ ಬೀಳುತ್ತೆ ಅಂತ ನೋಡ್ತಾ ನಿಂತ್ಕೊಂಡ್ಬಿಡ್ತೀನಿ. ಒಂದಿನ ಬಸ್ಸೇ ಮಿಸ್ ಆಯ್ತು."

ಇದನ್ನು ಲಾಭದ ಕಡೆ ಹಾಕಬೇಕೋ ನಷ್ಟದ ಕಡೆಯೋ ನನಗೆ ತಿಳಿಯಲಿಲ್ಲ. ಆದರೆ ಫೋನ್ ಇಟ್ಟಮೇಲೆ ನಮ್ಮ ಎದುರುಮನೆಯ ಗೋಡೆಯನ್ನು ನಾನೂ ಸುಮಾರು ಹೊತ್ತು ನೋಡಿದೆ.

ಕೋರ್ಸಿನವರು ಒಂದು ತರಗತಿಯನ್ನು ಬಿಟ್ಟಿಯಾಗಿ ತೋರಿಸುತ್ತಿದ್ದರು. ಬಿಟ್ಟಿ ಎಂದಮೇಲೆ ಹೋಗದಿರಲು ನಾನೇನು ಪೆದ್ದಿಯೇ? ಬೆಳಗಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು ಹುಡುಕಿಕೊಂಡು ಹೋದೆ. ಕೋಣೆ ತುಂಬ ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಎಳೆಯರು. ನನ್ನ ಬಳಿ ಇದ್ದದ್ದು ಫೋನು ಮತ್ತು ಚಿತ್ರಾನ್ನದ ಡಬ್ಬಿ. ಪಾಠ ಹೇಳುವ ಹುಡುಗಿ ನನ್ನನ್ನು ನೋಡಿ, "ಆಂಟಿ, ಮಗನ್ನ ಸೇರಿಸಕ್ಕೆ ಬಂದ್ರಾ?" ಎಂದಳು. "ಇಲ್ಲಮ್ಮ, ನನ್ನನ್ನೇ ಸೇರಿಸಕ್ಕೆ ಬಂದಿದೀನಿ" ಎಂದೆ. ಅವಳು ನಾಚಿ ನಕ್ಕಳು. ಆಮೇಲೆ ನನಗೆ ಅವಳ ಮೇಲೆ ಅಸಮಾಧಾನ ಉಳಿಯಲಿಲ್ಲ.

ಅವಳು ಒಂದು ಬಿಳಿ ಕಾಗದವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಯಾವ ಬಣ್ಣ ಎಂದು ಕೇಳಿದಳು. ಬಿಳಿ ಎಂದೆವು. ಕಿಟಕಿಯ ಬಳಿ ಹಿಡಿದಳು, ಬಿಳಿ. ಹಳದಿ ಬಲ್ಬಿನ ಕೆಳಗೂ ಬಿಳಿಯೇ. ಮೂರು ಕಡೆಯೂ ಅದರ ಫೋಟೋ ತೆಗೆದು ಪರದೆಯ ಮೇಲೆ ಹಾಕಿದಳು. ಒಂದರಲ್ಲಿ ಕಾಗದ ತುಸು ಹಸಿರು, ಇನ್ನೊಂದರಲ್ಲಿ ನೀಲಿ, ಮತ್ತೊಂದರಲ್ಲಿ ಅರಿಶಿನ ಸವರಿದ ಹಾಗೆ. "ಕಾಗದ ಬಿಳಿ ಅಂತ ನಿಮಗೆ ಗೊತ್ತು. ಅದಕ್ಕೆ ನಿಮ್ಮ ಕಣ್ಣು ನಿಮ್ಮನ್ನ ಕೇಳದೇನೆ ಸರಿಮಾಡ್ಕೊಂಡು ತೋರಿಸುತ್ತೆ. ಕ್ಯಾಮೆರಾಗೆ ಗೊತ್ತಿಲ್ಲ, ನಾವು ಹೇಳ್ಕೊಡ್ಬೇಕು" ಎಂದಳು.

ರೈಲಿನಲ್ಲಿ ವಾಪಸ್ ಬರುವಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ವರ್ಷ ನನ್ನ ಮುಖದಲ್ಲೇ ಇದ್ದುಕೊಂಡು ನನ್ನ ಕಣ್ಣು ಇಂಥ ಕೆಲಸ ಮಾಡುತ್ತಿತ್ತೇ? ಎದುರು ಕೂತಿದ್ದ ಹೆಂಗಸಿನ ಬಿಳಿ ಕರ್ಚೀಫು ನಿಜಕ್ಕೂ ಎಷ್ಟು ಬಿಳಿ ಎಂದು ನೋಡತೊಡಗಿದೆ. ಆಕೆ ಅದನ್ನು ಬ್ಯಾಗಿನೊಳಗೆ ಇಟ್ಟುಕೊಂಡರು.

ಮಾರನೆಯ ಬೆಳಿಗ್ಗೆ ನೇರಳೆ ಸೀರೆಯನ್ನು ಬಾಗಿಲ ಬೆಳಕಿಗೆ ಹಾಸಿ, ಟ್ಯೂಬ್‌ಲೈಟ್ ಆರಿಸಿ, ಪಕ್ಕದಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿ ಇಟ್ಟು ಫೋಟೋ ತೆಗೆದೆ. ಹಾಳೆ ಬಿಳಿಯಾಗಿ ಕಾಣುವವರೆಗೆ ಫೋನಿನಲ್ಲಿ ತಿದ್ದಿದೆ. ಸೀರೆ ಹೇಗಿತ್ತೋ ಫೋಟೋ ಹಾಗೇ ಬಂತು. ಕುಣಿಯುವಷ್ಟು ಖುಷಿಯಾಗಿ ಅತ್ತೆಯ ಬಳಿ ಒಯ್ದೆ.

"ಇದೇನಮ್ಮ, ಕಾಫಿ ಡಿಕಾಕ್ಷನ್ ಇದ್ದಂಗಿದೆ. ನೀಲಿ ಹಾಕು" ಎಂದರು.

"ಅತ್ತೆ, ಸೀರೆ ಇಲ್ಲೇ ಇದೆ. ಎರಡೂ ಒಂದ್ಸಲ ನೋಡಿ."

ಅವರು ಸೀರೆಯ ಮೇಲೆ ಕೈಯಾಡಿಸಿದರು, ಅದರತ್ತ ಕಣ್ಣು ಹಾಯಿಸಲಿಲ್ಲ. "ನಾನೇ ತೆಗೆದುಕೊಟ್ಟ ನೂಲು. ನೇರಳೆ ಅಂತ ನಂಗೊತ್ತಿಲ್ವಾ? ನೋಡೋದೇನು ಅದರಲ್ಲಿ?"

ಬಿಳಿ ಕಾಗದದ ಪಾಠ ಹೇಳಿದ ಹುಡುಗಿಯ ಮಾತು ಆಗ ಮತ್ತೆ ಕಿವಿಗೆ ಬಿತ್ತು. ಬೀರುವಿನಿಂದ ಎರಡು ಲಡಿ ತಂದೆ, ಒಂದು ಕಡುನೀಲಿ, ಒಂದು ಕಪ್ಪು. ಬಾಗಿಲಲ್ಲಿ ನಿಂತು ಎರಡನ್ನೂ ಅವರ ಕೈಗಿತ್ತೆ. ಅವರು ಹತ್ತಿರ ಹಿಡಿದರು, ದೂರ ಹಿಡಿದರು. "ಎರಡೂ ಕರೀದೇ ಅಲ್ವಾ? ಒಂದೇ ಬಣ್ಣದ್ದು ಎರಡ್ಯಾಕೆ ತಂದೆ?" ಎಂದರು.

ಬೀರುವಿನ ಜಾಗ ತಪ್ಪಿಸಿದರೆ ಅವರು ಯಾಕೆ ಅಷ್ಟು ಮುನಿಯುತ್ತಿದ್ದರು ಎನ್ನುವುದು ಅರ್ಥವಾಯಿತು. ಬಣ್ಣಗಳನ್ನು ಅವರು ನೋಡುತ್ತಿರಲಿಲ್ಲ, ನೆನಪಿಟ್ಟುಕೊಂಡಿದ್ದರು. ಫೋಟೋದಲ್ಲಿ ಮಂಕಾಗಿ ಕಂಡದ್ದನ್ನು ತಮ್ಮ ನೆನಪಿನ ನೇರಳೆಗೆ ಸರಿತೂಗಿಸಲು ನೀಲಿ, ಇನ್ನೂ ನೀಲಿ ಎಂದು ನನ್ನಿಂದ ಹಾಕಿಸುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ತುಂಬ ಪ್ರೀತಿ ಬಂತು.

ಡಾಕ್ಟರಿಗೆ ತೋರಿಸಿದಾಗ ಕಣ್ಣಿನ ಪೊರೆ ಎಂದರು. ತಾಲ್ಲೂಕಿನಲ್ಲಿ ನಡೆದ ಶಿಬಿರದಲ್ಲಿ ಹೆಸರು ಬರೆಸಿದೆವು. ಆಪರೇಷನ್ನಿಗೆ ಕಾಸು ಖರ್ಚಾಗಲಿಲ್ಲ. ಮೊದಲು ಒಂದು ಕಣ್ಣಿಗೆ ಮಾಡಿದರು. ಇನ್ನೊಂದಕ್ಕೆ ಮಾಡುವವರೆಗಿನ ದಿನಗಳಲ್ಲಿ ಅತ್ತೆಯದು ಒಂದೇ ಆಟ, ಒಂದು ಕಣ್ಣು ಮುಚ್ಚುವುದು, ಇನ್ನೊಂದು ತೆರೆಯುವುದು. "ಈ ಕಣ್ಣಲ್ಲಿ ಗೋಡೆ ಬೆಳ್ಳಗೆ. ಆ ಕಣ್ಣಲ್ಲಿ ಟೀ ಚೆಲ್ಲಿದಂಗೆ. ಯಾವುದಮ್ಮ ನಿಜ?" ಎಂದು ಮನೆಗೆ ಬಂದವರನ್ನೆಲ್ಲ ಕೇಳುತ್ತಿದ್ದರು. ಎರಡೂ ಕಣ್ಣು ತಿಳಿಯಾದ ಮೇಲೆ ನನ್ನ ಮುಖವನ್ನು ಹತ್ತಿರದಿಂದ ನೋಡಿ, "ನಿಂಗೆ ಇಷ್ಟೊಂದು ಬಿಳಿಕೂದಲು ಯಾವಾಗ ಬಂತೇ?" ಎಂದು ಗಾಬರಿಯಾದರು. ಹಳೆಯ ಸೀರೆಗಳ ಫೋಟೋ ತೋರಿಸಿದೆ. "ಯಾರಮ್ಮ ಇದನ್ನ ಮಾಡಿದ್ದು? ಪಂಚೆಗೆ ನೀಲಿ ಜಾಸ್ತಿ ಹಾಕಿದಂಗಿದೆ" ಎಂದರು. ಆಮೇಲೆ ಅವರಿಗೇ ಹೊಳೆದು, ಸೆರಗು ಬಾಯಿಗೆ ಹಿಡಿದು ನಗುತ್ತ ಕೂತರು.

ಅಲ್ಲಿಗೆ ಸೀರೆಗಳು ವಾಪಸ್ ಬರುವುದು ನಿಂತಿತು. ಖುಷಿಪಡಬೇಕಾದ ವಿಷಯ. ಆದರೆ ನನಗೆ ಒಳಗೊಳಗೇ ದುಃಖ. ಕೋರ್ಸ್ ಸೇರಲು ನನ್ನ ಬಳಿ ಇದ್ದ ಒಂದೇ ನೆಪ ಕೈತಪ್ಪಿ ಹೋಗಿತ್ತು. "ಬಿಟ್ಟಿ ಕ್ಲಾಸಲ್ಲೇ ಎಲ್ಲಾ ಸರಿಹೋಯ್ತಲ್ಲ, ದುಡ್ಡು ಉಳೀತು" ಎಂದರು ಯಜಮಾನರು. ಲೆಕ್ಕ ಸರಿಯಾಗಿಯೇ ಇತ್ತು. ಚೀಟಿಯ ದುಡ್ಡು ಬೀರುವಿನಲ್ಲಿತ್ತು, ಜಕಾರ್ಡಿನ ಮಾತುಕತೆ ಶುರುವಾಗಿತ್ತು. ನಾನು ಮಾತ್ರ ಪಾತ್ರೆ ತೊಳೆಯುವಾಗ ಕೈಯಲ್ಲಿದ್ದ ತಟ್ಟೆಯನ್ನು ಬೆಳಕಿಗೆ ಹಿಡಿದು ನಿಂತುಬಿಡುತ್ತಿದ್ದೆ. ಒಂದು ಹೊತ್ತಿನ ಪಾಠದಲ್ಲಿ ಇಷ್ಟಿದ್ದರೆ ಉಳಿದವುಗಳಲ್ಲಿ ಏನೇನಿರಬಹುದು?

ಅದನ್ನು ಅತ್ತೆ ನೋಡಿದರು. ಈಗ ಅವರಿಗೆ ಎಲ್ಲವೂ ಕಾಣುತ್ತಿತ್ತಲ್ಲ.

"ಆ ಸ್ಕೂಲು ಸೇರಲಿಲ್ವಾ?" ಎಂದರು.

"ಇನ್ಯಾಕೆ ಅತ್ತೆ? ಸೀರೆ ವಾಪಸ್ ಬರ್ತಿಲ್ವಲ್ಲ."

"ಸೀರೆ ಮಾತು ಯಾರು ಕೇಳಿದ್ರು? ನಿಂಗೆ ಆಸೆ ಇದ್ಯಾ, ಇಲ್ವಾ?"

ಮದುವೆಯಾಗಿ ಬಂದ ಮೇಲೆ ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಕಣ್ಣು ತುಂಬಿಕೊಂಡು, "ಇದೆ" ಎಂದೆ.

"ನನ್ ಹತ್ರ ಯಾಕೆ ಅಳ್ತೀಯ? ಅವನಿಗೆ ಹೋಗಿ ಹೇಳು."

ಇಂಥ ಮಾತನ್ನು ಮೆಲ್ಲಗೆ ಹೇಳಬೇಕು. ನಮ್ಮ ಮನೆಯಲ್ಲಿ ಅದನ್ನೂ ಕೂಗಿಯೇ ಹೇಳಬೇಕು. "ನಂಗೆ ಕಲೀಬೇಕು ಅನ್ಸಿದೆ ರೀ" ಎಂದೆ. ಅವರಿಗೆ ಕೇಳಿಸಲಿಲ್ಲ. "ಲಾಭ ಏನೂ ಇಲ್ಲ, ಸುಮ್ನೆ ಆಸೆ" ಎಂದು ಇನ್ನೂ ಜೋರಾಗಿ ಕೂಗಿದೆ. ಬೀದಿಗೆಲ್ಲ ಕೇಳಿರಬೇಕು. ಅವರು ಕಡಿದ ಎಳೆಯೊಂದನ್ನು ಹುಡುಕುತ್ತಿದ್ದರು. ನನ್ನ ಮುಖ ನೋಡಿದರು, ಮತ್ತೆ ಮಗ್ಗ ನೋಡಿದರು. "ಸೇರ್ಕೋ. ಜಕಾರ್ಡ್ ಮುಂದಿನ ಚೀಟೀಲಿ ನೋಡೋಣ" ಎಂದರು. ಅವರಿಗೆ ಬೇಜಾರಾಗಿತ್ತು, ಅದು ನನಗೆ ಗೊತ್ತಾಯಿತು. ಆದರೂ ಸೇರಿಕೊಂಡೆ.

ಕೊಟ್ಟ ದುಡ್ಡಿಗೆ ಸರಿಯಾಯಿತೇ ಎಂದು ಇವತ್ತಿಗೂ ಜನ ಕೇಳುತ್ತಾರೆ. ಕೇಳಲಿ, ನಾನೂ ಕೇಳಿದವಳೇ. ಭಾನುವಾರ ಸಂಜೆ ನಾನು ಚಪ್ಪಲಿ ಬಿಡುವ ಮುಂಚೆಯೇ ಅತ್ತೆ, "ಇವತ್ತೇನು ಹೇಳ್ಕೊಟ್ರು?" ಎನ್ನುತ್ತಾರೆ. ಕಳೆದ ವಾರ, ಕ್ಯಾಮೆರಾದೊಳಗೆ ಬೆಳಕು ಹೋಗುವ ಕಿಂಡಿ ಹೇಗೆ ಹಿಗ್ಗುತ್ತದೆ, ಕುಗ್ಗುತ್ತದೆ ಎಂದು ಹೇಳಿದೆ. ನಮ್ಮ ಕಣ್ಣಿನ ಕಪ್ಪು ಬೊಟ್ಟೂ ಹಾಗೇ ಮಾಡುತ್ತದೆ ಎಂದೆ. ಅವರು ನಂಬಲಿಲ್ಲ. ಗೋಡೆಯ ಸಣ್ಣ ಕನ್ನಡಿ ತೆಗೆದುಕೊಂಡು ಮೂಲೆಯ ಕತ್ತಲಿಗೆ ಹೋಗಿ ನಿಂತು, ಅಲ್ಲಿಂದ ಬಾಗಿಲ ಬೆಳಕಿಗೆ ಬಂದು, ತಮ್ಮ ಕಣ್ಣನ್ನು ತಾವೇ ನೋಡಿಕೊಂಡರು. ಮತ್ತೆ ಮೂಲೆಗೆ ಹೋದರು, ಮತ್ತೆ ಬಂದರು.

"ಹೌದು ಕಣಮ್ಮ, ಚಿಕ್ಕದಾಯ್ತು" ಎಂದರು. ಆಮೇಲೆ ಹಿಂದಿನ ಕೋಣೆಯತ್ತ ತಿರುಗಿ ಕೂಗಿದರು. "ಏಯ್, ಇಲ್ಲಿ ಬಾರೋ. ನಿನ್ ಕಣ್ಣೊಳಗೆ ಒಂದು ತಮಾಷೆ ಇದೆ."

"ಏನಮ್ಮ?" ಎಂದು ಅವರೂ ಅಲ್ಲಿಂದಲೇ ಕೂಗಿದರು.

"ಬಂದು ನೋಡು ಅಂದ್ನಲ್ಲ."

ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಕರೆಂಟು ಹೋಗಿದೆಯೇನೋ ಎಂದು ತಲೆ ಎತ್ತಿ ನೋಡಿದೆ, ಫ್ಯಾನು ತಿರುಗುತ್ತಿತ್ತು. ಯಜಮಾನರು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಅಮ್ಮನ ಕೈಯಿಂದ ಕನ್ನಡಿ ತೆಗೆದುಕೊಂಡರು.