ಗಂಗಮ್ಮನ ಎಡಗಾಲು

ಪ್ರದೀಪ, ಗಂಗಮ್ಮನ ಎಡಗಾಲಿನ ನರ ಹಾಳಾಗಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಹೇಳಲಿಲ್ಲ.

ಕೂಡ್ಲಿಗಿಯ ಆ ಆಸ್ಪತ್ರೆಯಲ್ಲಿ ಬಹಳ ವರ್ಷ ಅರಿವಳಿಕೆ ಕೊಡುವವಳು ನಾನೊಬ್ಬಳೇ. ನೀನು ಬಂದೆ — ನಿನ್ನೆ ಮೊನ್ನೆ ಓದು ಮುಗಿಸಿದವನು — ಜನ ನಿನ್ನನ್ನೇ ಕೇಳತೊಡಗಿದರು. ಹೊಟ್ಟೆಕಿಚ್ಚು, ಬೇರೇನಲ್ಲ. ನೀನು ನಕ್ಕರೂ ನನಗೆ ಉರಿಯುತ್ತಿತ್ತು.

ಗಂಗಮ್ಮ ಗುಡೇಕೋಟೆಯಲ್ಲಿ ಆಡು ಮೇಯಿಸುವವಳು. ಕರುಳು ಗಂಟುಬಿದ್ದು ತುರ್ತು ಆಪರೇಷನ್ನಿಗೆ ಬಂದಿದ್ದಳು. ಮೊದಲು ಪರೀಕ್ಷಿಸಿದವಳು ನಾನು. "ಗುಡ್ಡದಾಗ ಬಿದ್ದಾಗಿಂದ ಈ ಕಾಲಿಗೆ ಸ್ವಾಧೀನ ಇಲ್ರಿ," ಎಂದಳು. ಮೀನಖಂಡ ಬತ್ತಿತ್ತು. ಸ್ನಾಯು ಸಡಿಲಿಸಲು ತುರ್ತಿನಲ್ಲಿ ನಾವು ಕೊಡುತ್ತಿದ್ದ ಔಷಧಿಗೆ ನರ ಸತ್ತ ಸ್ನಾಯು ಬಿಗಿಯುತ್ತದೆ, ರಕ್ತಕ್ಕೆ ಪೊಟ್ಯಾಸಿಯಂ ಸುರಿಯುತ್ತದೆ, ಹೃದಯವೇ ನಿಲ್ಲಬಹುದು. ನಿನಗೆ ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಆಕೆ ನನ್ನ ಕೈ ಹಿಡಿದು, "ಆ ಸಣ್ಣ ಡಾಕ್ಟರ್ ಕೈಲೆ ಸೂಜಿ ಹಾಕಿಸ್ರಿ, ಅವರ ಕೈಗುಣ ಚಲೋ ಐತಂತ," ಎಂದಳು.

ನಾನು ಔಷಧಿ ಕೋಣೆಗೆ ಹೋಗಿ ಬಂದೆ. ನೀನು ಅವಸರದಲ್ಲಿ ಬಂದು ಕೇಳಿದೆ, "ಮೇಡಂ, ಹೇಳೋದು ಏನಾರ ಐತೇನ್ರಿ?"

"ಏನಿಲ್ಲಪ್ಪ."

ಒಂದೇ ಒಂದು ಸಲ ನೀನು ಎಡವಬೇಕಿತ್ತು — ಎಲ್ಲರೆದುರು. ಆಕೆ ಸಾಯಲಿ ಎಂದುಕೊಂಡಿರಲಿಲ್ಲ... ಹಾಗೆ ಬರೆಯುವುದೂ ನೆಪವೇ.

ಔಷಧಿ ಒಳಗೆ ಹೋಯಿತು. ಕಾಲು ಸಡಿಲಾಗಲಿಲ್ಲ, ನಿಧಾನವಾಗಿ ಸೆಟೆದುಕೊಂಡಿತು. ಮಾನಿಟರಿನಲ್ಲಿ ಹೃದಯಬಡಿತದ ಗೆರೆಗಳು ಅಗಲವಾದವು, ನಿನ್ನ ಮುಖ ಬಿಳುಪೇರಿತು. ನಾನು ಒಳನುಗ್ಗಿ, ಪೊಟ್ಯಾಸಿಯಂನಿಂದ ಹೃದಯವನ್ನು ಕಾಯುವ ಕ್ಯಾಲ್ಸಿಯಂ ಕೊಟ್ಟೆ. ಗಂಗಮ್ಮ ಉಳಿದಳು. ಎಲ್ಲರೂ ನನ್ನನ್ನು ಹೊಗಳಿದರು.

"ಕಾಲಿನ ವಿಷಯ ಆಕಿ ನನಗೂ ಹೇಳಿರಲಿಲ್ಲ," ಎಂದೆ. ನೀನು ನಂಬಿದೆ. "ನಾನ ಮುಟ್ಟಿ ನೋಡಬೇಕಾಗಿತ್ರಿ, ತಪ್ಪು ನಂದು," ಎಂದು ನೀನು ಕೆಲಸ ಬಿಟ್ಟೆ. ಈಗ ಹರಪನಹಳ್ಳಿಯಲ್ಲಿ ಜ್ವರ ಕೆಮ್ಮು ನೋಡಿಕೊಂಡಿದ್ದೀಯಂತೆ. ಅರಿವಳಿಕೆಯ ಸೂಜಿಯನ್ನು ಮತ್ತೆ ಮುಟ್ಟಲಿಲ್ಲವಂತೆ. ಗಂಗಮ್ಮ ಈಗಲೂ ಎಡಗಾಲು ಎಳೆಯುತ್ತ ಬಂದು, ಜೀವ ಉಳಿಸಿದವಳೆಂದು ನನಗೆ ಕೈ ಮುಗಿಯುತ್ತಾಳೆ. ಈ ಸಲ ಬಂದರೆ ಅವಳಿಗೂ ಹೇಳುತ್ತೇನೆ.

ಹೊರಡುವ ದಿನ ನೀನು ಕೇಳಿದ್ದೆ, "ಅಷ್ಟು ಲಗೂನ ಹೆಂಗ ತಿಳೀತ್ರಿ ನಿಮಗ?" ಅನುಭವ ಎಂದಿದ್ದೆ.

ಅನುಭವವಲ್ಲ, ಪ್ರದೀಪ. ನಿನಗೆ "ಏನಿಲ್ಲ" ಎಂದಾಗಲೇ ಕ್ಯಾಲ್ಸಿಯಂ ತುಂಬಿದ ಸಿರಿಂಜು ನನ್ನ ಕೋಟಿನ ಜೇಬಿನಲ್ಲಿತ್ತು.