ದೀಪದ ತಾತನ ಕಡಗ

ಮೊನ್ನೆ ಇಲ್ಲಿ ಬರೋಡದಲ್ಲಿ ನನ್ನ ಮಗ ಒಂದು ಪೆಟ್ಟಿಗೆ ಕೇಸರ್ ಮಾವು ತಂದ. ಮಂಜಲ್‌ಪುರದ ಮಾರ್ಕೆಟ್ಟಿನ ಗಾಡಿಯವನು ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದ್ದು ಅಂತ ಮಕ್ಕಳ ಮೇಲೆ ಆಣೆ ಇಟ್ಟನಂತೆ. ಆಣೆ ಇಡುವವನ ಮೇಲೇ ನನಗೆ ಮೊದಲು ಅನುಮಾನ. ಮುಚ್ಚಳ ತೆಗೆದು ಮೂಗು ಹಾಕಿದೆ. ಬೆಳ್ಳುಳ್ಳಿ ಕೊಳೆತಂಥ ವಾಸನೆ. ತಳ ಕೆದಕಿದರೆ ಪೇಪರಿನ ಪೊಟ್ಟಣ ಸಿಕ್ಕಿತು. ಕಾಯನ್ನು ಬಲವಂತಕ್ಕೆ ಹಣ್ಣು ಮಾಡುವ ಕಾರ್ಬೈಡು.

"ತೊಳೆದರೆ ಹೋಗತ್ತೆ ಬಿಡಿ ಅತ್ತೆ" ಅಂದಳು ಸೊಸೆ.

ತೊಳೆದರೆ ಹೋಗುವ ವಾಸನೆ ಅಲ್ಲ ಅದು. ನನಗೆ ಗೊತ್ತು. ಅದೇ ವಾಸನೆಯ ಮನುಷ್ಯ ಒಬ್ಬ ನಮ್ಮ ಪಕ್ಕದ ಮನೆಯಲ್ಲಿದ್ದ.

ನಾನು ಹುಟ್ಟಿದ್ದು ಕೋಲಾರದ ಕಡೆ, ಚಿನ್ನದ ಗಣಿಯ ಲೈನ್ ಮನೆಯಲ್ಲಿ. ಎರಡು ಮನೆಗೆ ಒಂದೇ ಗೋಡೆ. ಗೋಡೆಯ ಆ ಕಡೆ ಅವನೊಬ್ಬನೇ ಇದ್ದ, ಕೆಮ್ಮಿಕೊಂಡು. ಹೆಸರಿತ್ತು, ನಾವು ಹೇಳುತ್ತಿರಲಿಲ್ಲ. ದೀಪದ ತಾತ ಅನ್ನುತ್ತಿದ್ದೆವು. ಕಲ್ಲಿನ ಧೂಳು ಎದೆಯಲ್ಲಿ ಕೂತು ಕೆಳಗೆ ಇಳಿಯಲಾಗದೆ ಹೋದ ಮೇಲೆ ಕಂಪನಿ ಅವನನ್ನು ದೀಪದ ಮನೆಯಲ್ಲಿ ಕೂರಿಸಿತ್ತು. ಗಣಿಗೆ ಇಳಿಯುವವರ ದೀಪಗಳಿಗೆ ಕಾರ್ಬೈಡ್ ಕಲ್ಲು ತುಂಬಿ ಕೊಡುವ ಕೆಲಸ. ವಯಸ್ಸು ಐವತ್ತೂ ಆಗಿರಲಿಲ್ಲವೇನೋ. ನೋಡಿದರೆ ಎಪ್ಪತ್ತು.

ಗಣಿಯಿಂದ ಮೇಲೆ ಬಂದವರನ್ನು ಕೈ ಎತ್ತಿಸಿ, ಬಾಯಿ ಬಿಡಿಸಿ, ಕೂದಲು ಕೆದಕಿ ಹುಡುಕುತ್ತಿದ್ದರು, ಚಿನ್ನದ ಚೂರು ಕದ್ದಿದ್ದಾನಾ ಅಂತ. ಅದು ಅವನ ಮೈಗೆ ಎಷ್ಟು ಹತ್ತಿತ್ತೆಂದರೆ, ಯಾರ ಮನೆ ಹೊಸಿಲ ಮುಂದೆ ನಿಂತರೂ ಎರಡು ಕೈ ತಾವಾಗಿ ಮೇಲೆ ಹೋಗುತ್ತಿದ್ದವು. ಲೈನಿನ ಮಕ್ಕಳು ಬೇಕಂತಲೇ "ತಾತ, ಬಾಯಿ ಬಿಡು" ಅನ್ನುತ್ತಿದ್ದರು. ಬಿಡುತ್ತಿದ್ದ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಕೈ ಎತ್ತಿದಾಗ ಅಂಗಿಯ ತೋಳು ಜಾರಿ ಕಡಗ ಕಾಣುತ್ತಿತ್ತು. ನಂಬರ್ ಕೊರೆದ ಲೋಹದ ಕಡಗ. ನಮ್ಮ ಮನೆಗೂ ಅವನಿಗೂ ಇದ್ದ ಹಗೆಯೆಲ್ಲ ಅದರಲ್ಲೇ ಇತ್ತು.

ನಾನು ಹುಟ್ಟುವ ಮೊದಲಿನ ಮಾತು. ಬಿಳಿಯರ ಕಾಲ. ಕೂಲಿಯವರೆಲ್ಲ ಗುರುತಿಗೆ ಕೈಗೆ ಕಡಗ ಹಾಕಿಸಿಕೊಳ್ಳಬೇಕು ಅಂತ ಕಂಪನಿ ಹುಕುಂ ಮಾಡಿತು. ಒಮ್ಮೆ ಬಡಿದು ಕೂರಿಸಿದರೆ ಮುಗಿಯಿತು, ಮನೆಗೆ ಬಂದರೂ ಬಿಚ್ಚುವ ಹಾಗಿಲ್ಲ. ನಾವೇನು ದನವಾ ಅಂತ ಜನ ತಿರುಗಿಬಿದ್ದರು. ಕಲ್ಲು ತೂರಿದರು. ಪೊಲೀಸರು ಗುಂಡು ಹಾರಿಸಿದರು. ನಮ್ಮ ತಾತ, ಅಂದರೆ ನಮ್ಮಪ್ಪನ ಅಪ್ಪ, ಅವತ್ತೇ ಹೋದ. ಆಮೇಲೆ ಕಂಪನಿಯೂ ಹೆದರಿ ಕಡಗದ ಮಾತು ಬಿಟ್ಟಿತು. ಇಡೀ ಲೈನಿನಲ್ಲಿ ಕಡಗ ಉಳಿದದ್ದು ಒಂದೇ ಕೈಯಲ್ಲಿ.

"ತಾನಾಗಿ ಹೋಗಿ ಕೈ ಕೊಟ್ಟವನು, ಹೆಸರು ಕೊಡದೆ ಬಿಟ್ಟಾನಾ?" ಅನ್ನುತ್ತಿದ್ದಳು ನಮ್ಮಜ್ಜಿ. ಪೊಲೀಸರಿಗೆ ನಮ್ಮ ತಾತನನ್ನು ತೋರಿಸಿಕೊಟ್ಟವನು ಇವನೇ, ಅದಕ್ಕೇ ಕಂಪನಿ ಇವನಿಗೆ ನೆರಳಲ್ಲಿ ಕೂರುವ ಕೆಲಸ ಕೊಟ್ಟಿದೆ ಅಂತ ಅವಳ ಲೆಕ್ಕ. ನಮ್ಮ ತಾತ ಮಾತ್ರ ಎದೆ ಕೊಟ್ಟು ನಿಂತು ಸತ್ತವನು. ದೀಪದ ತಾತ ಹಾದುಹೋದರೆ ಅಜ್ಜಿ ಬಾಗಿಲಿಗೆ ನೀರು ಎರಚುತ್ತಿದ್ದಳು. ಅವನು ತಲೆ ಬಗ್ಗಿಸಿ ಹೋಗುತ್ತಿದ್ದ. ತಪ್ಪು ಮಾಡದವನು ಯಾಕೆ ತಲೆ ಬಗ್ಗಿಸುತ್ತಾನೆ ಅಂತ ನನಗೂ ಅನಿಸುತ್ತಿತ್ತು.

ನನಗೆ ಹನ್ನೆರಡೋ ಹದಿಮೂರೋ. ಒಂದು ದಿನ ಅಪ್ಪ ಬುತ್ತಿ ಮರೆತು ಪಾಳಿಗೆ ಹೋದ. ನಾನು ಹಿಡಿದುಕೊಂಡು ಓಡಿದೆ. ಅಷ್ಟರಲ್ಲಿ ಅಪ್ಪ ಇಳಿದಾಗಿತ್ತು. ದೀಪದ ಮನೆಯಲ್ಲಿ ಅವನೊಬ್ಬನೇ.

"ಇಟ್ಟು ಹೋಗಮ್ಮಣ್ಣಿ, ಕೆಳಗೆ ಕಳಿಸ್ತೀನಿ."

ನಾನು ಡಬ್ಬಿಯನ್ನು ಎದೆಗೆ ಅವುಚಿಕೊಂಡೆ. ಅವನು ನಕ್ಕ. "ವಿಷ ಹಾಕಲ್ಲ ಕಣೆ. ನಿಮ್ಮಪ್ಪನ್ನ ಹೆಗಲ ಮೇಲೆ ಹೊತ್ತು ತಿರುಗಿದೋನು ನಾನು."

"ನಮ್ಮ ತಾತನ ಹೆಸರು ಹೇಳಿದ್ದು ಯಾಕೆ?" ಅಂದುಬಿಟ್ಟೆ.

ಕೈಯಲ್ಲಿದ್ದ ದೀಪ ಕೆಳಗಿಟ್ಟ. ತುಂಬ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ್ದು ಇಷ್ಟು... ಅವತ್ತು ಬೆಳಿಗ್ಗೆ ಆಫೀಸಿನ ಮುಂದೆ ಸಾಲು. ಮೊದಲು ನಮ್ಮ ತಾತ, ಹಿಂದೆ ಇವನು. ಇವನಿಗೆ ಇಪ್ಪತ್ತು ತುಂಬಿರಲಿಲ್ಲ. ನಮ್ಮ ತಾತ ಪಕ್ಕಕ್ಕೆ ಸರಿದನಂತೆ. "ನೀನು ಮುಂದೆ ಹೋಗೋ ತಮ್ಮ, ನೋವಾಗತ್ತಾ ನೋಡಿ ಹೇಳು" ಅಂದನಂತೆ. ಹೋದ. ಇವನ ಕಡಗದ ಮೇಲೆ ಸುತ್ತಿಗೆಯ ಎರಡು ಏಟು ಬಿತ್ತು. ಆ ಸದ್ದಿಗೆ ಸಾಲು ಒಡೆಯಿತು, ಗಲಾಟೆ ಎದ್ದಿತು. ನಮ್ಮ ತಾತ ಮನೆ ಕಡೆ ಓಡಿದ. ಪೊಲೀಸರ ಗುಂಡಿಗೆ ಅವನ ಪಕ್ಕದಲ್ಲಿದ್ದವನ ತಲೆ ಒಡೆಯಿತು, ಇನ್ನೊಬ್ಬ ಹೊಟ್ಟೆ ಹಿಡಿದು ಕೂತ. ಬೇಲಿ ದಾಟುವಾಗ ನಮ್ಮ ತಾತನಿಗೆ ಗುಂಡು ಬಿತ್ತು.

"ಬೆನ್ನಿಗೆ" ಅಂದ. "ನಾನೇ ಎತ್ತಿದ್ದು. ಕಡಗ ಇದ್ದ ಕೈಯಲ್ಲೇ."

"ಸುಳ್ಳು" ಅಂದೆ.

"ಆಗಲಿ. ಬೆನ್ನಿನ ಮಾತು ಅಜ್ಜಿಗೆ ಹೇಳಬೇಡ. ನಾನು ಯಾರ ಹೆಸರೂ ಹೇಳಲಿಲ್ಲ, ಅಷ್ಟು ಮಾತ್ರ ಹೇಳು."

"ಮತ್ತೆ ಕಡಗ ಯಾಕೆ ತೆಗೆಸಲಿಲ್ಲ?"

"ಕಂಪನಿ ಕಮ್ಮಾರನ ಹತ್ರ ಹೋಗಬೇಕು. ಹೆಬ್ಬೆಟ್ಟು ಒತ್ತಿ, ಬಿಚ್ಚಿ ಸ್ವಾಮಿ ಅಂತ ಕೇಳಬೇಕು. ಅಷ್ಟು ಜನ ಬಿದ್ದ ಮೇಲೆ ಅವರನ್ನ ಕೇಳೋದಾ? ಹಾಕಿದೋರೇ ಬಂದು ಬಿಚ್ಚಲಿ ಅಂತ ಕೂತೆ."

ಅವರು ಬರಲಿಲ್ಲ. ಬಿಳಿಯರು ದೇಶ ಬಿಟ್ಟು ಹೋದರು, ಕಡಗ ಉಳಿಯಿತು. ನನಗೆ ಆಗಲೂ ಅನುಮಾನ, ಈಗಲೂ ಸ್ವಲ್ಪ ಇದೆ. ಗಣಿಯಲ್ಲಿ ಲೋಹ ಉಜ್ಜುವ ಅರಕ್ಕೆ ಬರವೇ? ಯಾರಾದರೂ ಗೆಳೆಯ ಕೂತು ಉಜ್ಜಿದ್ದರೆ ಹೋಗುತ್ತಿತ್ತು. ಅಥವಾ ಉಜ್ಜಿಕೊಡುವ ಗೆಳೆಯನೇ ಇರಲಿಲ್ಲವೋ...

ಬುತ್ತಿ ಅಲ್ಲಿಡದೆ ವಾಪಸ್ ತಂದೆ. ಅವತ್ತು ಅಪ್ಪ ಉಪವಾಸ.

ಅಜ್ಜಿ ಹಿಟ್ಟು ರುಬ್ಬುತ್ತಿದ್ದಳು. ನಾನು ಅವನ ಮಾತು ಎತ್ತಲಿಲ್ಲ. "ತಾತನ ಹೆಣಕ್ಕೆ ಸ್ನಾನ ಮಾಡಿಸಿದ್ದು ಯಾರಜ್ಜಿ?" ಅಂದೆ.

"ನಾನೇ. ಇನ್ಯಾರು ಮಾಡ್ತಾರೆ?"

"ಗುಂಡು ಎಲ್ಲಿ ಬಿದ್ದಿತ್ತು?"

ರುಬ್ಬುವ ಕೈ ನಿಂತಿತು. ಎದೆಗೆ ಅಂತ ಸಾವಿರ ಸಲ ಹೇಳಿದವಳು, ಇನ್ನೊಂದು ಸಲ ಹೇಳಿದ್ದರೆ ನಾನು ನಂಬುತ್ತಿದ್ದೆ. ಹೇಳಲಿಲ್ಲ. "ಯಾವನೇ ನಿನ್ನ ಕೈಲಿ ಕೇಳಿಸಿದ್ದು?" ಅಂತ ಹಿಟ್ಟಿನ ಕೈಯಲ್ಲೇ ಕೆನ್ನೆಗೆ ಬಿಟ್ಟಳು. ಅವತ್ತು ತಿಳಿಯಿತು, ಅಜ್ಜಿಗೆ ಗೊತ್ತು ಅಂತ. ಓಡಿದವನ ಹೆಂಡತಿ ಅನಿಸಿಕೊಳ್ಳುವುದಕ್ಕಿಂತ ಪಕ್ಕದ ಮನೆಯವನಿಗೆ ದ್ರೋಹಿ ಅನ್ನುವುದು ಅವಳಿಗೆ ಸುಲಭವಾಗಿತ್ತು. ನನಗೂ ಸುಲಭವೇ ಆಯಿತು. ಅವನು ಹೇಳು ಅಂದಿದ್ದ ಆ ಒಂದು ಮಾತನ್ನು ನಾನು ಹೇಳಲೇ ಇಲ್ಲ.

ಆಮೇಲೆ ಎರಡು ವರ್ಷ ಅವನು ನನ್ನ ಮುಖ ನೋಡುತ್ತಿದ್ದ, ಹೇಳಿದೆಯಾ ಅನ್ನುವ ಹಾಗೆ. ನಾನು ಬೇರೆ ಕಡೆ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಗೋಡೆಯ ಆ ಕಡೆ ಕೆಮ್ಮು ಕೇಳಲಿಲ್ಲ. ಹೊರಲು ನಾಲ್ಕು ಜನ ಸಿಕ್ಕಿದ್ದೇ ಹೆಚ್ಚು. ಅಜ್ಜಿ ಬಾಗಿಲು ಹಾಕಿಕೊಂಡಳು. ನಾನೂ ಒಳಗೇ ಇದ್ದೆ.

ಮದುವೆಯಾಗಿ ಬರೋಡಕ್ಕೆ ಬಂದು ಐವತ್ತು ವರ್ಷ ದಾಟಿತು. ಮಕ್ಕಳಿಗೆ, ಮೊಮ್ಮಕ್ಕಳಿಗೆ ನಾನು ಹೇಳಿದ್ದೂ ಅಜ್ಜಿಯ ಕಥೆಯನ್ನೇ. ಎದೆ ಕೊಟ್ಟ ತಾತ, ಹೆಸರು ಕೊಟ್ಟ ದ್ರೋಹಿ. ಮಾವಿನ ಪೆಟ್ಟಿಗೆ ವಾಪಸ್ ಹೋದ ಆ ಸಂಜೆ ಮೊಮ್ಮಗಳು ಸ್ಕೂಲಿಗೆ ಅಂತ ಅದನ್ನೇ ಬರೆದುಕೊಂಡು ಕೂತಿದ್ದಳು. ಅವಳ ಕನ್ನಡ ಅರ್ಧ, ಉಳಿದದ್ದು ಹಿಂದಿ. "ಅಜ್ಜಿ, ಗದ್ದಾರ್‌ದು ನಾಮ್ ಏನು?" ಅಂದಳು. ದ್ರೋಹಿಗೆ ಅವಳು ಅನ್ನುವುದು ಹಾಗೆ.

ನನ್ನ ಬಾಯಿಗೆ ಹೆಸರು ಬಂದಿತ್ತು. ನುಂಗಿಕೊಂಡೆ.

"ಗದ್ದಾರ್ ಯಾರೂ ಇರಲಿಲ್ಲ, ಅದನ್ನ ಹೊಡೆದುಹಾಕು. ತಾತ ಓಡ್ತಿದ್ದ, ಗುಂಡು ಬೆನ್ನಿಗೆ ಬಿತ್ತು ಅಂತ ಬರಿ."

ಪೆನ್ನು ಎತ್ತಿ ನನ್ನನ್ನೇ ನೋಡಿದಳು. "ಬೆನ್ನಿಗೆ ಬಿದ್ರೆ ಹೀರೋ ಹೇಗೆ ಆಗ್ತಾರೆ?"

"ಓಡುವವನಿಗೆ ಯಾಕೆ ಹೊಡೆದೆ ಅಂತ ಹೊಡೆದವನನ್ನ ಕೇಳು. ಓಡಿದವನನ್ನ ಯಾಕೆ ಕೇಳ್ತೀಯಾ?"

ಹುಡುಗಿ ಹೂಂ ಅಂದು ಬರೆದುಕೊಂಡಳು. ಇಷ್ಟೇ ಮಾತು. ಇದು ಅವತ್ತು ಅಜ್ಜಿಯ ಮುಂದೆ ನನ್ನ ಬಾಯಿಗೆ ಬಂದಿದ್ದರೆ... ಬರಲಿಲ್ಲ. ಈಗ ಆ ಗಣಿಯೂ ಮುಚ್ಚಿದೆ, ಅಜ್ಜಿಯೂ ಇಲ್ಲ, ಅವನಿಗೆ ತನ್ನವರು ಅಂತ ಆಗಲೇ ಯಾರೂ ಇರಲಿಲ್ಲ. ಕೇಳಬೇಕಾದವರೆಲ್ಲ ಹೋದ ಮೇಲೆ ಹೇಳಿದೆ.