ಮೂರನೆಯ ರಿಂಗಿಗೆ ಮೊದಲು

ನಿಮ್ಮ ಅಪ್ಪನ ಡಿಜೆ ಕಂಪನಿಗೆ ನಿಮ್ಮ ಅಜ್ಜನ ಹೆಸರಿದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಬರೆಯಲು ಕೈ ಬಾರದು. ಟೆಂಪೋದ ಬೆನ್ನಿಗೆ, ಕಪ್ಪು ಅಂಗಿಯ ಎದೆಗೆ, ನಮ್ಮ ಬಾಗಿಲ ಪಕ್ಕದ ಬೋರ್ಡಿಗೆ ಎಲ್ಲ ಕಡೆ ಇದೆ, ಓದಿಕೊಳ್ಳಿ. ಕಂಪನಿಯ ಫೋನು ಬಂದಾಗ ನಾನು ಅದರ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿರುತ್ತೇನೆ. ನೀವಿಬ್ಬರೂ "ಅಜ್ಜಿ, ಉಠಾವ್ ನಾ! ಕಿಸಕೀ ಪೂಜಾ ಕರ್ ರಹೀ ಹೋ?" ಎಂದು ನಗುತ್ತೀರಿ. ಯಾರ ಪೂಜೆ ಎಂಬ ನಿಮ್ಮ ಆ ಪ್ರಶ್ನೆಗೆ ಉತ್ತರ ಬಾಯಲ್ಲಿ ಹೇಳಲು ನನಗೆ ನಾಚಿಕೆ. ಬರೆದರೆ, ಕನ್ನಡ ಓದಲು ಬಾರದ ನಿಮಗೆ ನಿಮ್ಮ ಅವ್ವ ಓದಿ ಹೇಳುತ್ತಾಳೆ. ನಾನು ಕಲಿತದ್ದು ವಿಜಯಪುರ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ, ಏಳನೆಯ ಇಯತ್ತೆವರೆಗೆ. ಅಕ್ಷರ ಮಾತ್ರ ದುಂಡಗಿವೆ.

ನಿಮ್ಮ ಅಜ್ಜ ಮುಂಬೈ ಕಡೆಗೆ ಬಂದು ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಮಾಡಿದರು. ನಿಮ್ಮ ಅಪ್ಪನೂ ಮೊದಲು ಅಲ್ಲಿಯೇ ಮಷೀನಿನ ಮುಂದೆ ನಿಂತ. ರಜೆಯ ದಿನ ಗೆಳೆಯರ ಡಿಜೆಯ ಜೊತೆ ಹೋಗುತ್ತಿದ್ದ. ಒಂದು ದಿನ ಸ್ವಂತ ಸೆಟ್ ತಂದ, ನೌಕರಿ ಬಿಟ್ಟ. ಡೊಂಬಿವಲಿಯ ನಮ್ಮ ಈ ನೆಲಮಹಡಿಯ ಮನೆಯಲ್ಲಿ ಒಂದು ಹಾಲ್, ಒಂದು ಅಡುಗೆಮನೆ. ಹಾಲ್‌ನ ಅರ್ಧ ಜಾಗ ಸ್ಪೀಕರ್ ಪೆಟ್ಟಿಗೆಗಳಿಗೆ ಹೋಯಿತು. ಧೂಳು ಕೂರದಿರಲಿ ಎಂದು ನಾನು ಅವುಗಳ ಮೇಲೆ ಹಳೆಯ ಸೀರೆಗಳ ಕೌದಿ ಹೊದಿಸಿದೆ. ವೈರುಗಳು ಗೋಜಲಾಗಿದ್ದವು. ಬಾವಿಯ ಹಗ್ಗ ಸುತ್ತುವ ಹಾಗೆ ಅಂಗೈಯಿಂದ ಮೊಣಕೈಗೆ ಬಿಗಿದು ಸುತ್ತಿಟ್ಟೆ. ನಿಮ್ಮ ಅಪ್ಪ ತಲೆ ಮೇಲೆ ಕೈ ಹೊತ್ತ.

"ಯವ್ವಾ, ಹಿಂಗ ಸುತ್ತಿದ್ರ ಒಳಗಿನ ತಂತಿ ಮುರಿತಾವ! ಒಂದ ಸುತ್ತ ಮ್ಯಾಲ, ಒಂದ ಸುತ್ತ ಕೆಳಗ, ಸಡಿಲ ಬಿಡಬೇಕು. ಮತ್ತ ಈ ಕೌದಿ ತಗಿ. ಗಿರಾಕಿ ಮಂದಿ ನೋಡಿದ್ರ ಇದು ಡಿಜೆನೋ ಹಾಸಿಗಿ ಅಂಗಡಿನೋ ಅಂತಾರ."

ಅವನಿಗೆ ಆಗ ಒಂದೇ ಚಿಂತೆ. ಧಂದೆ ಮನೆಯಿಂದಲೇ ನಡೆಯಬೇಕು, ಬಾಡಿಗೆ ಆಫೀಸು ಹಿಡಿಯುವ ತ್ರಾಣ ಇಲ್ಲ; ಆದರೆ ಕೇಳಿದವರಿಗೆ, ನೋಡಿದವರಿಗೆ ಅದು ಮನೆ ಅನ್ನಿಸಬಾರದು. ಪೆಟ್ಟಿಗೆಗಳಿಗೆ ಕಪ್ಪು ಕವರು ಬಂದವು, ಕೌದಿಗಳು ಟೆಂಪೋದ ತಳಕ್ಕೆ ಹೋದವು. ಹಾಲ್‌ನ ಒಂದೇ ಒಂದು ಗೋಡೆಗೆ ಬೂದು ಬಣ್ಣ ಬಳಿದ. ವೀಡಿಯೋ ಕಾಲಿನಲ್ಲಿ ಅದಷ್ಟೇ ಕಾಣಬೇಕು. ಆ ಗೋಡೆಯ ಮೇಲಿದ್ದ ನಿಮ್ಮ ಅಜ್ಜನ ಫೋಟೋ ಹಾರದ ಸಮೇತ ಅಡುಗೆಮನೆಗೆ, ಹಿಟ್ಟಿನ ಡಬ್ಬಿಯ ಮೇಲಕ್ಕೆ ಬಂತು. ಅವನು ಗಿರಾಕಿಗಳೊಂದಿಗೆ ಮಾತನಾಡುವಾಗ ಕುಕ್ಕರ್ ಸೀಟಿ ಹಾಕಬಾರದು. ಬೂದು ಗೋಡೆಯ ಮುಂದೆ ಕಪ್ಪು ಅಂಗಿ ತೊಟ್ಟು ಕುಳಿತ ಅವನನ್ನು ಪರದೆಯ ಸಂದಿಯಿಂದ ನೋಡಿದರೆ ಯಾವುದೋ ದೊಡ್ಡ ಆಫೀಸಿನ ಸಾಹೇಬನಂತೆ ಕಾಣುತ್ತಿದ್ದ. ಅಂಗಿಯ ಕೆಳಗೆ ಲುಂಗಿ ಇರುತ್ತಿತ್ತು.

ಹೆಸರಿಡುವಾಗ ನನ್ನನ್ನು ಕೇಳಿದ್ದ. "ಅಪ್ಪಂದ ಹೆಸರ ಇಡತೀನಿ. ನಡೀತೈತಿ ಏನು?" ನಾನು ತಲೆಯಾಡಿಸಿದೆ. ಅದರಿಂದ ಏನಾಗುತ್ತದೆ ಎಂದು ಆಗ ಹೊಳೆಯಲಿಲ್ಲ.

ಆದದ್ದು ಇದು. ಕಂಪನಿಗೆ ಬೇರೆ ಫೋನು ಬಂತು. ಹಗಲು ನಿಮ್ಮ ಅಪ್ಪ ಸೆಟ್ ಜೋಡಿಸಲು ಹೋಗಿರುತ್ತಾನೆ, ಆ ಸದ್ದಿನಲ್ಲಿ ಫೋನು ಕೇಳುವುದಿಲ್ಲ. ನಿಮ್ಮ ಅವ್ವ ಬಾಲವಾಡಿಯಲ್ಲಿ ಕೆಲಸಕ್ಕೆ. ಮನೆಯಲ್ಲಿ ಉಳಿದವಳು ನಾನು. ನಿಮ್ಮ ಅಪ್ಪನ ನಿಯಮ ಗಟ್ಟಿ: ಮೂರನೆಯ ರಿಂಗಿಗೆ ಮೊದಲು ಎತ್ತಬೇಕು, 'ಹಲೋ' ಅನ್ನದೆ ನೇರವಾಗಿ ಕಂಪನಿಯ ಹೆಸರು ಹೇಳಬೇಕು. "ದೊಡ್ಡ ಕಂಪನಿದಾಗ ಹಂಗ ಮಾಡತಾರ. ಇಮೇಜ್ ಅಂದ್ರ ಅದ." ನಿಮ್ಮ ಅವ್ವ ಒಂದು ವಹಿಯಲ್ಲಿ ನಾಲ್ಕು ಹಿಂದಿ ಪ್ರಶ್ನೆ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಳು. ಕೌನ್ ಸೀ ತಾರೀಖ್, ಕಹಾಂ, ಕಿತನೇ ಲೋಗ್, ಕಿತನೇ ಬಜೇ. ಆ ನಾಲ್ಕನ್ನೂ ನಾನು ಬಾಯಿಪಾಠ ಮಾಡಿದೆ. ಹೆಸರು ಮಾತ್ರ ಬರಲಿಲ್ಲ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಿಮಗೆ ಇದು ನಗು ಬರಿಸುತ್ತದೆ, ಗೊತ್ತು. ನಿಮ್ಮ ಅವ್ವ ಕಲ್ಯಾಣದಲ್ಲಿ ಬೆಳೆದವಳು, ನಿಮ್ಮ ಅಪ್ಪನನ್ನು ಹೆಸರು ಹಿಡಿದು ಕರೆಯುತ್ತಾಳೆ, ಸಿಟ್ಟು ಬಂದರೆ ಅರ್ಧ ಹೆಸರಷ್ಟೇ ಹಿಡಿದು. ನನಗೆ ಅದು ತಪ್ಪು ಅನ್ನಿಸುವುದಿಲ್ಲ. ನನಗೆ ಆಗುವುದಿಲ್ಲ, ಅಷ್ಟೇ. ರೇಷನ್ ಕಚೇರಿಯಲ್ಲಿ ಗಂಡನ ಹೆಸರು ಕೇಳಿದಾಗ ಹಿಂದೆ ನಿಂತಿದ್ದ ನೆರೆಯವಳು ಹೇಳಿದ್ದಳು. ಕೊನೆಗೆ ಆಸ್ಪತ್ರೆಯ ಕಿಟಕಿಯಲ್ಲಿ, ಸತ್ತವರ ಹೆಸರು ಹೇಳಿ ಎಂದಾಗಲೂ ನಾನು ಆಧಾರ್ ಕಾರ್ಡು ಮುಂದಿಟ್ಟೆ. ಅವರು ಹೋದ ಮೇಲಾದರೂ ಹೇಳಬಹುದಿತ್ತು, ಕೇಳಿ ಮುನಿಯುವವರು ಯಾರು? ಆದರೆ ಹಾಗೆ ಹೇಳಿಬಿಟ್ಟರೆ ಅವರು ಇಲ್ಲ ಎಂದು ನಾನೇ ಒಪ್ಪಿಕೊಂಡಂತೆ ಎಂದು ಒಳಗೊಂದು ಹಟವಿತ್ತು.

ಹೀಗಾಗಿ ಫೋನು ಎತ್ತಿ 'ಡಿಜೆ' ಎಂದು ಸುಮ್ಮನಾಗುತ್ತಿದ್ದೆ. ಕೆಲವರು ಹೊಂದಿಕೊಂಡರು. ನೆರೂಳದ ಒಬ್ಬರು ಹೊಂದಿಕೊಳ್ಳಲಿಲ್ಲ. ಮಗಳ ನಿಶ್ಚಿತಾರ್ಥಕ್ಕೆ ಡಿಜೆ ಬೇಕೆಂದು ಫೋನು ಮಾಡಿದ್ದರು.

"ಕೌನ್ ಸಾ ಡಿಜೆ?" ಎಂದರು.

"ಹಮಾರಾ ಡಿಜೆ."

"ಹಮಾರಾ ಮತಲಬ್ ಕಿಸಕಾ? ನಾಮ್ ಬೋಲೋ ನಾ." ನಮ್ಮದೆಂದರೆ ಯಾರದು, ಹೆಸರು ಹೇಳಿ ಎಂದು.

ನಾನು ತಡಬಡಿಸಿ, "ಮೇರೇ ಲಡಕೇ ಕೇ ಪಿತಾಜೀ ಕಾ," ಎಂದೆ, ನನ್ನ ಮಗನ ತಂದೆಯದು ಎಂದು. ಅವರು, "ಮಾಂಜೀ, ಘರ್ ಮೇಂ ಔರ್ ಕೋಈ ಹೈ?" ಎಂದರು, ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು. ಇಲ್ಲವೆಂದೆ. ಫೋನು ಕಟ್ಟಾಯಿತು. ನಿಮ್ಮ ಅಪ್ಪ ತಿರುಗಿ ಕರೆ ಮಾಡುವಷ್ಟರಲ್ಲಿ ಅವರು ಬೇರೆಯವರಿಗೆ ಹೇಳಿಯಾಗಿತ್ತು. ಕಾರ್ಡಿನ ಮೇಲಿನ ನಂಬರು ಸುಳ್ಳಿರಬೇಕು ಅಂದುಕೊಂಡರಂತೆ.

ಅಂದು ಸಂಜೆ ಅವನು ಊಟದ ತಟ್ಟೆಯ ಮುಂದೆ ಕುಳಿತು ರೊಟ್ಟಿ ಮುರಿಯಲೇ ಇಲ್ಲ.

"ಒಂದ ಹೆಸರ, ಯವ್ವಾ. ಒಂದ ಹೆಸರ ಹೇಳಾಕ ಏನ್ ಆಗೂದೈತಿ ನಿನಗ?"

ನಿಮ್ಮ ಅವ್ವ ನಡುವೆ ಬಾಯಿ ಹಾಕಿದಳು. "ಏ, ಅತ್ತಿ ಮ್ಯಾಲ ಯಾಕ ಒದರತಿ? ಹೆಸರ ಇಡೂ ಮುಂದ ನಿನಗ ತಿಳಿಬಾರದೇನ?"

"ನನಗೇನ್ ಗೊತ್ತು? ನಾ ಹುಟ್ಟಿದ್ದು ಡೊಂಬಿವಲಿ."

ಆಮೇಲೆ ದನಿ ಇಳಿಸಿದ. ದಸರೆಯವರೆಗೆ ನೋಡುತ್ತೇನೆ ಎಂದ. ಥಾಣೆಯ ಘೋಡಬಂದರ್ ರಸ್ತೆಯ ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ನವರಾತ್ರಿಯ ಒಂಬತ್ತೂ ದಿನಕ್ಕೆ ಡಿಜೆ ಹುಡುಕುತ್ತಿದ್ದರು. ಅವನು ಕಾರ್ಡು ಕೊಟ್ಟು ಬಂದಿದ್ದ. ಅದು ಸಿಕ್ಕರೆ ಧಂದೆ ನಿಲ್ಲುತ್ತದೆ, ಸಿಗದಿದ್ದರೆ ಸೆಟ್ ಮಾರಿ ತಿರುಗಿ ಅಂಬರನಾಥದ ಮಷೀನು. "ಹೆಸರ ಬದಲಿ ಮಾಡತೀನಿ. ಯಾವದರ ಇಂಗ್ಲಿಷ್ ಹೆಸರ ಇಟ್ರಾತು. ಸೋಮವಾರ ಪೇಂಟರ್ ಬರತಾನ. ನಿನಗೂ ತ್ರಾಸ ಇಲ್ಲ, ನನಗೂ ಇಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ನೋವಾಯಿತು. ಮರುದಿನ ಹಿಟ್ಟು ನಾದುತ್ತ ಫೋಟೋ ನೋಡಿದೆ. ಇಡೀ ಆಯುಷ್ಯ ಬೇರೆಯವರ ಹೆಸರು ಬರೆದ ಪೆಟ್ಟಿಗೆಗಳನ್ನು ಹೊತ್ತವರು. ಅವರ ಹೆಸರು ಹಾಜರಿ ಪುಸ್ತಕ, ರೇಷನ್ ಕಾರ್ಡು ಬಿಟ್ಟರೆ ಎಲ್ಲಿಯೂ ಬರೆದದ್ದನ್ನು ನಾನು ಕಂಡಿರಲಿಲ್ಲ. ಈಗ ಟೆಂಪೋದ ಬೆನ್ನ ಮೇಲೆ ಥಾಣೆಯವರೆಗೆ ಹೋಗಿಬರುತ್ತಿದೆ. ನನ್ನ ನಾಲಿಗೆಯ ಸಲುವಾಗಿ ಪೇಂಟರು ಅದರ ಮೇಲೆ ಬಣ್ಣ ಬಳಿಯಬೇಕೇ?

"ಪೇಂಟರ್‌ಗ ಬ್ಯಾಡ ಅನ್ನು," ಎಂದೆ. "ನಾ ಕಲೀತೀನಿ."

ಕಲಿಯುವುದು ಸುಲಭವಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿ ಫೋಟೋದ ಮುಂದೆ ನಿಂತೆ. ಮೊದಲ ಅಕ್ಷರ ತುಟಿಗೆ ಬರುವುದು, ಸೆರಗು ಬಾಯಿಗೆ ಹೋಗುವುದು. ನಾಲ್ಕು ದಿನ ಇದೇ ಆಯಿತು.

ಐದನೆಯ ದಿನ, ಶ್ರಾವಣದ ಮೊದಲ ವಾರವಿರಬೇಕು, ಫೋನು ಬಂತು. ಎತ್ತಿದೆ. ಹೆಂಗಸಿನ ದನಿ, ಮರಾಠಿ. ಘೋಡಬಂದರ್ ರಸ್ತೆಯಿಂದ ಎಂದಳು. "ಕೋಣ್ ಬೋಲತಂಯ? ಡಿಜೇಚಂ ನಾವ್ ಕಾಯ್?" ಯಾರು ಮಾತಾಡುವುದು, ಡಿಜೆಯ ಹೆಸರೇನು ಎಂದು. ಈ ಕರೆ ಬಿಟ್ಟರೆ ಧಂದೆ ಹೋಯಿತು, ನಿಮ್ಮ ಅಪ್ಪ ತಿರುಗಿ ಮಷೀನಿನ ಮುಂದೆ ನಿಂತದ್ದು ಕಣ್ಣಿಗೆ ಬಂತು.

ಆಗ ನೆನಪಾಯಿತು, ನಾನು ಆ ಹೆಸರನ್ನು ಹೇಳಿಯೇ ಇಲ್ಲವೆಂದಲ್ಲ. ಹೇಳಿದ್ದೇನೆ. ನಮ್ಮಲ್ಲಿ ಹೊಸ ಸೊಸೆ ಹೊಸ್ತಿಲು ದಾಟುವಾಗ, ಉಡಿ ತುಂಬುವಾಗ, ಹೆಂಗಸರು ದಾರಿ ಕಟ್ಟಿ ಗಂಡನ ಹೆಸರು ಹೇಳೆಂದು ಕಾಡುತ್ತಾರೆ. ಬರಿದೆ ಹೇಳುವಂತಿಲ್ಲ, ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಹೆಸರು ಕೂಡಿಸಬೇಕು. ಅದಕ್ಕೆ ಒಡಪು ಎನ್ನುತ್ತೇವೆ. ಒಡಪಿನೊಳಗೆ ಬಂದ ಹೆಸರಿಗೆ ದೋಷವಿಲ್ಲ. ಆದರೆ ಅದು ಮುತ್ತೈದೆಯರ ಆಟ. ಅವರು ಹೋದ ಮೇಲೆ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಮರೆತಿದ್ದೆ. ಆ ಹೊತ್ತಿಗೆ ಅದು ತಾನಾಗಿ ಬಾಯಿಗೆ ಬಂತು.

"ಬುಟ್ಟಿ ತುಂಬ ರೊಟ್ಟಿ, ಮ್ಯಾಲ ಬೆಣ್ಣಿ ಇಟ್ಟೀನಿ,
ಮಂದಿ ಮುಂದ ……ರಾಯರ ಹೆಸರು ಹೇಳಿಬಿಟ್ಟೀನಿ."

ಹೇಳಿ ಕಣ್ಣು ಮುಚ್ಚಿದೆ. ಅಷ್ಟು ದೂರದ ಹೆಂಗಸಿಗೆ ನನ್ನ ಭಾಷೆ ಎಲ್ಲಿಂದ ತಿಳಿಯಬೇಕು? ಆದರೆ ರಾಗಕ್ಕೆ ಭಾಷೆ ಬೇಕಿಲ್ಲ.

"ಅಗಂಬಾಈ! ಆಜೀ, ತುಮ್ಹೀ ಉಖಾಣಾ ಘೇತಲಾ?" ಎಂದು ನಕ್ಕಳು. ನಮ್ಮ ಒಡಪಿಗೆ ಮರಾಠಿಯವರು ಉಖಾಣಾ ಅನ್ನುತ್ತಾರೆ. ಗಂಡನ ಹೆಸರೇ ಡಿಜೆಯ ಹೆಸರಾ ಎಂದು ಕೇಳಿದಳು, ಹೌದೆಂದೆ. ಇನ್ನೂ ನಗುತ್ತಿದ್ದಳು, ನಾನು ಮಾತ್ರ ವಹಿ ತೆಗೆದು ನಾಲ್ಕು ಪ್ರಶ್ನೆ ಕೇಳಿದೆ. ತಾರೀಖು, ಜಾಗ, ಜನ, ಹೊತ್ತು. ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡು ತಿರುಗಿ ಓದಿ ಹೇಳಿದೆ. ನವರಾತ್ರಿಯ ಮಾತು ಆಮೇಲೆ, ಮೊದಲು ಒಂದು ಮಧ್ಯಾಹ್ನ ಸೊಸೈಟಿಯ ಹೆಂಗಸರ ಮಂಗಳಾಗೌರಿ ಕಾರ್ಯಕ್ರಮಕ್ಕೆ ಬಂದು ತೋರಿಸಿ, ಎಂದಳು.

ನಿಮ್ಮ ಅಪ್ಪ ಕೇಳಿ ಗೋಡೆಗೆ ಒರಗಿಬಿಟ್ಟ. "ಕಂಪನಿ ಫೋನಿನ್ಯಾಗ ಒಡಪ ಹೇಳಿದಿ? ಯವ್ವಾ, ಘೋಡಬಂದರ್ ಮಂದಿಗೆ?"

"ನೀ ಲುಂಗಿ ಮ್ಯಾಲ ಸಾಹೇಬ ಆಗಬಹುದು, ಅತ್ತಿ ಒಡಪ ಹೇಳಬಾರದೇನ?" ಎಂದಳು ನಿಮ್ಮ ಅವ್ವ.

ಆದರೂ ಕೆಲಸವೆಂದರೆ ಅವನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಹೆಂಗಸರ ಕಾರ್ಯಕ್ರಮದಲ್ಲಿ ಏನೇನು ಇರುತ್ತದೆ ಎಂದು ನನ್ನನ್ನು ಕೂರಿಸಿಕೊಂಡು ಕೇಳಿದ. ಆಟ, ಕೈ ಹಿಡಿದು ಗಿರಗಿರ ತಿರುಗುವ ಫುಗಡಿ, ಹಾಡು, ಕೊನೆಗೆ ಒಬ್ಬೊಬ್ಬರೂ ಮೈಕಿನಲ್ಲಿ ಉಖಾಣೆ. ನಾನೊಂದು ಮಾತು ಹೇಳಿದೆ. "ಒಡಪ ಸುರು ಆದಕೂಡಲೆ ಹಾಡ ಪೂರಾ ಬಂದ್ ಮಾಡು. ಮೈಕಿನ್ಯಾಗಿನ ಆ ಗುಂಯ್ ಅನ್ನೂದನೂ ತಗಿ. ಹೆಸರ ಬರೂತನಾ ಸೂಜಿ ಬಿದ್ರೂ ಕೇಳಬೇಕು. ಹೆಸರ ಬಂದಕೂಡಲೆ ಢೋಲ್ ಬಡಿ. ಅಕಿ ನಾಚಿಕಿ ಅದರಾಗ ಮುಚ್ಚಿಹೋಗಬೇಕು."

ಅವನು ನನ್ನನ್ನೇ ನೋಡಿದ. "ಇದನ್ನ ಮೊದಲ ಯಾಕ ಹೇಳಲಿಲ್ಲ?" ಎಂದ. ಮೊದಲು ಯಾರು ಕೇಳಿದ್ದರು?

ಆ ದಿನ ನನ್ನನ್ನೂ ಕರೆದುಕೊಂಡು ಹೋದ. ನಾನು ಅವನ ಮೇಜಿನ ಹಿಂದೆ, ಕಪ್ಪು ಪೆಟ್ಟಿಗೆಗಳ ಮರೆಯಲ್ಲಿ ಕುಳಿತೆ. ವೈರು ಸುತ್ತಲು ಈಗ ನನಗೆ ಬರುತ್ತದೆ, ಒಂದು ಸುತ್ತು ಮೇಲೆ, ಒಂದು ಕೆಳಗೆ. ಮದುವೆಯಾಗಿ ಎರಡು ತಿಂಗಳಾದ ಒಬ್ಬ ಹುಡುಗಿ ಮೈಕು ಹಿಡಿದಳು, ಜೀನ್ಸ್ ಹಾಕಿ ಆಫೀಸಿಗೆ ಹೋಗುವವಳೆಂದು ನೋಡಿದರೇ ತಿಳಿಯುತ್ತಿತ್ತು. ಅವಳೂ ಹೆಸರಿನ ಹತ್ತಿರ ಬಂದು ತಡವರಿಸಿದಳು. ನಿಮ್ಮ ಅಪ್ಪ ಗುಂಡಿಯ ಮೇಲೆ ಬೆರಳಿಟ್ಟು ಕಾದ. ಅವಸರ ಮಾಡಲಿಲ್ಲ. ಹೆಸರು ಬಂತು, ಢೋಲು ಬಿತ್ತು, ಹೆಂಗಸರ ಕೂಗಿಗೆ ಹಾಲ್ ಹಾರಿಹೋಗುವಂತಾಯಿತು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಮೈಕಿಗೆ ಮುಗಿಬಿದ್ದರು. ಫೋನು ಮಾಡಿದ್ದ ಹೆಂಗಸು ಮೈಕನ್ನು ನನ್ನ ಬಳಿಯೂ ತಂದಳು. ನಾನು ಕೈಮುಗಿದೆ. ಅವಳು ನನ್ನ ಬರಿಯ ಹಣೆ ನೋಡಿದಳು, ಒತ್ತಾಯ ಮಾಡಲಿಲ್ಲ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಎದ್ದು ಹೋದಳು.

ನವರಾತ್ರಿಯ ಒಂಬತ್ತೂ ದಿನ ನಿಮ್ಮ ಅಪ್ಪನಿಗೆ ಸಿಕ್ಕಿತು. ಅಂಬರನಾಥದ ಮಾತು ಆಮೇಲೆ ಮನೆಯಲ್ಲಿ ಬಂದಿಲ್ಲ. ಫೋಟೋವನ್ನು ಅವನು ತಿರುಗಿ ಬೂದು ಗೋಡೆಗೆ ಹಾಕಿದ. ವೀಡಿಯೋ ಕಾಲಿನಲ್ಲಿ ಕಂಡು ಯಾರಾದರೂ ಕೇಳಿದರೆ, "ಕಂಪನಿ ಕೇ ಮಾಲಿಕ್," ಎನ್ನುತ್ತಾನೆ.

ನನ್ನದು ಮಾತ್ರ ಪೂರ್ತಿ ಸರಿಹೋಗಿಲ್ಲ. ಬರಿದೆ ಆ ಹೆಸರು ಹೇಳಲು ಇಂದಿಗೂ ನನಗಾಗದು. ಎಲ್ಲರಿಗೂ ಒಡಪು ಹೇಳುತ್ತ ಕುಳಿತರೆ ನಿಮ್ಮ ಅಪ್ಪನ ಇಮೇಜಿನ ಗತಿ ಏನು? ಅದಕ್ಕೆ ನಾನೊಂದು ದಾರಿ ಮಾಡಿಕೊಂಡಿದ್ದೇನೆ. ಫೋನು ಬಂದಾಗ ಕೈ ಅದರ ಮೇಲಿಡುತ್ತೇನೆ. ಮೊದಲನೆಯ ರಿಂಗಿಗೆ ಬುಟ್ಟಿ, ರೊಟ್ಟಿ, ಬೆಣ್ಣೆ. ಎರಡನೆಯದಕ್ಕೆ 'ಮಂದಿ ಮುಂದ'. ಇಷ್ಟು ತುಟಿಯೊಳಗೆ. ಮೂರನೆಯದು ಆಗುವ ಮೊದಲು ಎತ್ತಿ, ಹೆಸರನ್ನಷ್ಟೇ ಗಟ್ಟಿಯಾಗಿ ಹೇಳುತ್ತೇನೆ.